ಒಂದು ಮುಷ್ಟಿ ಮಣೂಕ

ಹೆಬ್ಬಗೋಡಿ
ಭಾನುವಾರ, 2 ನವೆಂಬರ್ 2025

ತಂಗಿ ಸವಿತಾ,

ಹಿರಿಯಳಾದ ನಾನು ಆಶೀರ್ವಾದ ಎಂದು ಬರೆದು ಶುರು ಮಾಡಬೇಕು. ಆ ಹಕ್ಕನ್ನು ಐದು ತಿಂಗಳ ಹಿಂದೆ ನಾನೇ ಕಳೆದುಕೊಂಡೆ. ಹಾಗಾಗಿ ಸೀದಾ ಲೆಕ್ಕಕ್ಕೆ ಬರುತ್ತೇನೆ. ಲೆಕ್ಕ ಹಾಕದೆ ನನ್ನ ಬಾಯಿ ತೆರೆಯುವುದಿಲ್ಲ ಎಂದು ನೀನೇ ಎಷ್ಟೋ ಸಲ ಆಡಿಕೊಂಡಿದ್ದೀ.

ಆ ಒಂದು ಪಾತ್ರೆ ಹುಗ್ಗಿಗೆ ಆದ ಖರ್ಚು ಇಷ್ಟು. ಕುಟ್ಟಿದ ಗೋಧಿ ಮೂರು ಕಿಲೋ. ನಮ್ಮವ್ವ ತಿಕೋಟಾದಿಂದ ಕಳಿಸಿದ್ದ ಒಣದ್ರಾಕ್ಷಿ, ನಮ್ಮ ಮಣೂಕ, ಮುಕ್ಕಾಲು ಕಿಲೋ. ಗ್ಯಾಸು ಕಾಲು ಸಿಲಿಂಡರು. ಒಂದು ನಾಯಿಯ ಜೀವ. ಮೂವತ್ತೆಂಟು ಗಿರಾಕಿಗಳು. ಮೂರು ವರ್ಷ ಬೆವರು ಸುರಿಸಿ ಕಟ್ಟಿದ ಅಡುಗೆಮನೆ. ನಾಲ್ಕು ಗೇಟುಗಳಲ್ಲಿ ನಿನ್ನ ಹೆಸರು. ಮತ್ತು ಹದಿಮೂರು ವರ್ಷ ನೀನು ನನ್ನನ್ನು ಅಕ್ಕಾ ಎಂದು ಕರೆದದ್ದು. ಬಂದ ಆದಾಯ ಬಟ್ಟಲಿಗೆ ನೂರಾ ನಲವತ್ತೊಂಬತ್ತರಂತೆ ಐದು ಸಾವಿರದ ಆರುನೂರ ಅರವತ್ತೆರಡು ರೂಪಾಯಿ. ಅದನ್ನೂ ಗಿರಾಕಿಗಳಿಗೆ ವಾಪಸ್ಸು ಹಾಕಬೇಕಾಯಿತು.

ಈ ಕಾಲದಲ್ಲಿ ಕಾಗದ ಯಾಕೆ ಎನ್ನಬೇಡ. ನನ್ನ ನಂಬರು ನಿನ್ನ ಫೋನಿನಲ್ಲಿ ಬ್ಲಾಕ್ ಆಗಿದೆ. ನೀನು ಈಗಿರುವ ಬೇಗೂರಿಗೆ ಎರಡು ಸಲ ಬಂದೆ. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿಕೊಂಡು ಬಸ್ಸು ಹತ್ತಿದೆ. ನೀನು ಬಾಗಿಲು ತೆಗೆಯುವುದು ಸಿದ್ದಕ್ಕನಿಗೆ ಮಾತ್ರ. ನಮ್ಮೂರಿನವಳು, ಹೌಸ್‌ಕೀಪಿಂಗ್ ಕೆಲಸದವಳು, ಅವಳ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ. ಆದರೆ ಓದಲು ಬರುವುದಿಲ್ಲ. ಅಂಟಿಸಿ ಕೊಟ್ಟರೆ ಹಾಗೇ ತಲುಪುತ್ತದೆ.

ನಿನ್ನ ಮಾತನ್ನು ತಂದವಳೂ ಅವಳೇ. ನೀನು ಕಲ್ಯಾಣ ಮಂಟಪದಲ್ಲಿ ಪಾತ್ರೆ ತಿಕ್ಕುತ್ತಿದ್ದೀಯಂತೆ. ಎಲೆಕ್ಟ್ರಾನಿಕ್ ಸಿಟಿಯ ಒಂದು ಆಫೀಸಿನ ಕ್ಯಾಂಟೀನಿನಲ್ಲಿ ಜೋಳದ ರೊಟ್ಟಿ ಬಡಿಯುವವರು ಬೇಕಾಗಿ, ಗುತ್ತಿಗೆ ಹಿಡಿದ ನಿಂಗಪ್ಪ ನಿನ್ನ ರೊಟ್ಟಿ ತಿಂದು ಒಪ್ಪಿಕೊಂಡನಂತೆ. ಆದರೆ ಗೇಟಿನಲ್ಲಿ ನಿನ್ನ ಹೆಸರು ಒತ್ತಿದ ಕೂಡಲೇ ಕೆಂಪು ಬಂತಂತೆ. ಬರದೇ ಏನು? ಆ ಆಫೀಸಿಗೂ ನಾವು ದುಡಿಯುತ್ತಿದ್ದ ಅಪಾರ್ಟ್‌ಮೆಂಟಿಗೂ ಕಾವಲು ಕಾಯುವುದು ಒಂದೇ ಕಂಪನಿ, ಒಳಗೆ ಬಿಡಬಾರದವರದು ಒಂದೇ ಪಟ್ಟಿ. ನಡೆದದ್ದು ಹೀಗೆ ಎಂದು ಯಾರಾದರೂ ಬರೆದುಕೊಟ್ಟರೆ ತಾನು ಮಾತಾಡಿ ಒಳಗೆ ಬಿಡಿಸುತ್ತೇನೆ, ಹದಿನೈದನೇ ತಾರೀಖಿನವರೆಗೆ ಕಾಯುತ್ತೇನೆ ಎಂದಿದ್ದಾನಂತೆ ನಿಂಗಪ್ಪ.

"ಅಕ್ಕಗ ಹೇಳು, ನಡದದ್ದು ನಡದಂಗ ಒಂದು ಹಾಳ್ಯಾಗ ಬರದು ಕೊಡಂತ. ರೊಕ್ಕ ಬ್ಯಾಡ," ಎಂದು ನೀನು ಹೇಳಿ ಕಳಿಸಿದ್ದೆ. ಸಿದ್ದಕ್ಕ ಅದನ್ನು ಹೇಳಿ ಮುಗಿಸಿ, ತನ್ನದೊಂದು ಸೇರಿಸಿದಳು: "ರೊಕ್ಕ ಬ್ಯಾಡ ಅಂದಾಳ ನೋಡು, ಅದಕ್ಕ ನಿನಗ ಕಷ್ಟ ಆಗ್ತದ."

ಶುರುವಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದೇ. ಆದರೆ ಈ ಕಾಗದ ನಿಂಗಪ್ಪನ ಕೈಗೂ ಹೋಗಬಹುದು; ಅವನಿಗೆ ತಲೆಬುಡ ತಿಳಿಯಬೇಕು.

ನಾನು ಶ್ಯಾಮಲಾ ಮೇಡಂ ಮನೆಯಲ್ಲಿ ಕಸ ಮುಸುರೆ ಮಾಡುತ್ತಿದ್ದೆ, ಹನ್ನೊಂದನೇ ಮಹಡಿಯಲ್ಲಿ. ಅವರ ನಾಯಿ ರಾಗಿ. ಬೇಗೂರು ಕೆರೆ ಏರಿಯ ಮೇಲೆ ಸಿಕ್ಕಿದ ಬೀದಿಮರಿ, ಬಣ್ಣ ಮುದ್ದೆಯದ್ದು, ಅದಕ್ಕೇ ಆ ಹೆಸರು. ಪ್ಯಾಕೆಟ್ಟಿನ ಒಣ ಕಾಳು ತಿಂದು ತಿಂದು ಅದಕ್ಕೆ ಮೈಯೆಲ್ಲ ತುರಿಕೆಯಾಗಿತ್ತು, ಬೆನ್ನ ಮೇಲೆ ಕೂದಲೇ ಇರಲಿಲ್ಲ. ಡಾಕ್ಟರು ಮನೆಯಲ್ಲೇ ಬೇಯಿಸಿ ಹಾಕಿ ಎಂದರು. ಮೇಡಂ ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ ಕೇಳಿದರು: "ಮಹಾನಂದಾ, ಇವನಿಗೆ ಸ್ವಲ್ಪ ಚಿಕನ್ ಬೇಯಿಸ್ಕೊಡ್ತೀರಾ? ಉಪ್ಪು ಖಾರ ಏನೂ ಬೇಡ."

ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ನಾನು. ಮೊಟ್ಟೆಯ ಬುಟ್ಟಿ ಕಂಡರೆ ಆಚೆ ಬದಿಗೆ ದಾಟುವವಳು. ಆದರೆ ಆಗುವುದಿಲ್ಲ ಎನ್ನುವ ಮೊದಲು ಎಷ್ಟು ಕೊಡುತ್ತೀರಿ ಎಂದು ಕೇಳುವುದು ನನ್ನ ಅಭ್ಯಾಸ. ಅವರು ಹೇಳಿದ್ದು ನನ್ನ ತಿಂಗಳ ಸಂಬಳಕ್ಕಿಂತ ಹೆಚ್ಚಿತ್ತು. ಮಧ್ಯಾಹ್ನವೇ ಬಂದು ಪಕ್ಕದ ಕೋಣೆಯ ನಿನ್ನ ಬಾಗಿಲು ಬಡಿದೆ.

"ನಾಯಿಗೆ ಅಡಿಗಿ ಮಾಡಾಕ ನಾ ಬೇಕೇನು?" ಎಂದು ನೀನು ನಕ್ಕೆ. "ತಪ್ಪಿಲ್ಲ ಬಿಡಕ್ಕಾ. ಅದು ಉಪ್ಪು ಕಡಿಮಿ ಆತು ಅಂತ ತಾಟು ಒಗ್ಯಾಂಗಿಲ್ಲ."

ಹಾಗೆ ನಮ್ಮ ಹಂಚಿಕೆಯಾಯಿತು. ಕೋಳಿ, ಮೀನು, ಲಿವರು ನೀನು ಮುಟ್ಟುವುದು. ಗಿರಾಕಿ, ಡಬ್ಬಿ, ಗೇಟು, ವಸೂಲಿ ನಾನು ನೋಡುವುದು. ಮಹಾನಂದಾ ಪಾತ್ರೆಯ ಕಡೆ ಸುಳಿಯುವುದಿಲ್ಲ ಎಂಬುದು ಅಲ್ಲಿನ ಆರು ಬ್ಲಾಕಿಗೂ ಗೊತ್ತಿತ್ತು. ಗೊತ್ತಾಗಲೆಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಮಾಂಸ ಮುಟ್ಟದೆ ಮಾಂಸದ ವ್ಯಾಪಾರ ಮಾಡುತ್ತೇನೆಂಬ ಗತ್ತು.

ನಲವತ್ತು ದಿನದಲ್ಲಿ ರಾಗಿಯ ಬೆನ್ನು ಮುಚ್ಚಿತು. ಮೇಡಂ ಫೋಟೋ ತೆಗೆದು ಅಪಾರ್ಟ್‌ಮೆಂಟಿನವರ ವಾಟ್ಸಾಪ್ ಗುಂಪಿನಲ್ಲಿ ಹಾಕಿದರು. ಆಮೇಲೆ ನನಗೆ ಮೆಟ್ಟಿಲು ಹತ್ತಿ ಇಳಿದು ಮೊಣಕಾಲು ಸವೆಯಿತು. ಒಂದಾಗಿದ್ದದ್ದು ಆರಾಯಿತು, ಆರು ಇಪ್ಪತ್ತಾಯಿತು. ಎಮ್ಮೆ ಸತ್ತ ಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೆಯನ್ನು ವಠಾರದ ಓನರ್ ಚಿಕ್ಕಮುನಿಯಮ್ಮ ನಮಗೆ ಬಾಡಿಗೆಗೆ ಕೊಟ್ಟಳು. ಬಾಗಿಲಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡು ಅವಳು ಹೇಳಿದ್ದು ನೆನಪಿದೆಯಾ? "ನಾಯಿಗೆ ಕುಂಬ್ಳಕಾಯಿ ಬೇಯ್ಸಿ ಕಿವುಚಿ ಆಕೋರ್ನ ನಾನೆಲ್ಲೂ ಕಂಡಿಲ್ಲ ಕಣಮ್ಮಿ. ನಮ್ಮೆಮ್ಮೆಗೆ ಇಂಗ್ ಆಕಿದ್ದಿದ್ರೆ ಅದ್ ಸಾಯ್ತಾನೇ ಇರ್ಲಿಲ್ಲ." ನೀನು ತಿರುಗಿ, "ಅಜ್ಜೀ, ನೀವೂ ಒಂದು ಡಬ್ಬಿ ಹಚ್ಕೊಳ್ರಿ, ತಿಂಗಳಿಗೆ ಹಲ್ಲು ಬರ್ತಾವ," ಎಂದೆ. ಅವಳು ಎಲೆಯಡಿಕೆ ಉಗುಳುವಷ್ಟು ನಕ್ಕಳು. ನಕ್ಕರೂ ಬಾಡಿಗೆ ಬಿಡಲಿಲ್ಲ.

ನಿನ್ನ ಕೈಯ ಬಗ್ಗೆ ಬರೆಯದಿದ್ದರೆ ಈ ಕಾಗದ ಸುಳ್ಳಾಗುತ್ತದೆ. ಡಾಕ್ಟರು ಕೊಟ್ಟ ಅಳತೆ ಚೀಟಿಯಲ್ಲಿತ್ತು, ನಿನಗೆ ಬೇಕಿರಲಿಲ್ಲ. ಮೂರನೇ ಬ್ಲಾಕಿನ ದಪ್ಪ ನಾಯಿಗೆ ಅನ್ನ ಕಡಿಮೆ, ಸೋರೆಕಾಯಿ ಜಾಸ್ತಿ. ಹಲ್ಲಿಲ್ಲದ ಮುದಿ ನಾಯಿಗೆ ಕೋಳಿಯನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದೆ. ಒಂದು ಡಬ್ಬಿ ಅರ್ಧ ವಾಪಸ್ಸು ಬಂದರೆ ಮೂಸಿ ನೋಡಿ, ಈ ನಾಯಿಗೆ ಹೊಟ್ಟೆ ಸರಿಯಿಲ್ಲ, ನಾಳೆ ಗಂಜಿ ಹಾಕೋಣ ಎನ್ನುತ್ತಿದ್ದೆ. ಮುಖ ನೋಡದ ನಾಯಿಗಳ ಹೊಟ್ಟೆಯ ವಿಚಾರ ನಿನಗೆ ಗೊತ್ತಿತ್ತು. ಮೂರು ವರ್ಷದಲ್ಲಿ ನಿನ್ನ ಡಬ್ಬಿಯಿಂದ ಒಂದು ನಾಯಿಗೂ ಹೊಟ್ಟೆ ಕೆಟ್ಟಿರಲಿಲ್ಲ.

ಇನ್ನೊಂದು ವಿಷಯವಿದೆ, ಅದಕ್ಕೂ ನಾಯಿ ಸತ್ತದ್ದಕ್ಕೂ ಸಂಬಂಧವಿಲ್ಲ, ಆದರೂ ಬರೆಯುತ್ತೇನೆ. ಹೋದ ವರ್ಷ ನೀನು ತಲೆ ಸುತ್ತಿ ಬಿದ್ದಾಗ, ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ನೋಡಿ ಎಂಟೇ ಇದೆ, ಹನ್ನೆರಡಿರಬೇಕು ಎಂದರು. ಲಿವರು ತಿನ್ನಿ, ನುಗ್ಗೆಸೊಪ್ಪು ತಿನ್ನಿ, ಹೊತ್ತಿಗೆ ಸರಿಯಾಗಿ ತಿನ್ನಿ ಎಂದು ಬರೆದುಕೊಟ್ಟರು. ರಾಗಿಯ ಚೀಟಿಯಲ್ಲಿ ಇದ್ದದ್ದೂ ಅದೇ. ಮರುದಿನ ಬೆಂದ ಲಿವರು ತೂಗುತ್ತ ನೀನು ಒಂದು ತುಂಡನ್ನು ಬಾಯಿಯ ಹತ್ತಿರ ತಂದೆ. ನಾನು ವಹಿಯಿಂದ ತಲೆ ಎತ್ತಿ, "ಅದು ನಾಕನೇ ಬ್ಲಾಕಿನ ಪಾಲು," ಎಂದೆ. ನೀನು ಅದನ್ನು ತಕ್ಕಡಿಗೆ ವಾಪಸ್ಸು ಇಟ್ಟೆ. ಅಂದಿನ ತೂಕ ಸರಿಯಾಗಿ ಬಂತು.

ಈಗ ಜೂನ್ ತಿಂಗಳಿಗೆ ಬರುತ್ತೇನೆ.

ನಮ್ಮ ಕಡೆ ಕಾರಹುಣ್ಣಿಮೆಯ ಮುನ್ನಾದಿನ ಹೊನ್ನುಗ್ಗಿ ಎಂದು ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಮನೆಯವರು ಉಣ್ಣುವ ಮೊದಲು ಅವುಗಳ ಬಾಯಿಗೆ ಹುಗ್ಗಿ ಇಡುತ್ತಾರೆ. ದುಡಿದ ಪ್ರಾಣಿ ಮೊದಲು, ದುಡಿಸಿದವರು ಆಮೇಲೆ. ಹೆಬ್ಬಗೋಡಿಯಲ್ಲಿ ಎಲ್ಲಿಯ ಎತ್ತು? ಆ ದಿನ ಬೆಳಿಗ್ಗೆ ಕುಂಬಳಕಾಯಿ ಹೆಚ್ಚುತ್ತ ನೀನು ಒಂದು ಮಾತು ಅಂದೆ: "ಇವತ್ತು ಹೊನ್ನುಗ್ಗಿ ಅಕ್ಕಾ. ಯಾವ ಮೂಕ ಬಾಯಿಗೆ ಇಡೂಣು?" ಅಷ್ಟೇ. ಹೆಚ್ಚುವುದನ್ನು ಮುಂದುವರಿಸಿದೆ. ನನ್ನ ತಲೆಯಲ್ಲಿ ಮಾತ್ರ ಆಗಲೇ ದರ ಕೂತಿತ್ತು. ಅರ್ಧ ಗಂಟೆಯೊಳಗೆ ನಿನ್ನ ಕೈಯಲ್ಲಿ ಖಾಲಿ ಪಾತ್ರೆ ಕೊಟ್ಟು, ತಲೆ ಮೇಲೆ ಸೆರಗು ಹೊದೆಸಿ, ಫೋಟೋ ಹೊಡೆದು ಎಲ್ಲರಿಗೂ ಕಳಿಸಿದೆ: ನಮ್ಮೂರ ಹಬ್ಬ, ನಿಮ್ಮ ಮನೆಯ ಮುದ್ದಿಗೆ, ನೂರಾ ನಲವತ್ತೊಂಬತ್ತು. ಮೂವತ್ತೆಂಟು ಮನೆಯೂ ಬೇಕು ಎಂದವು. ಒಬ್ಬ ಸಾರ್ ಅಂತೂ, ಸೋ ಕ್ಯೂಟ್, ಎರಡು ಕಳಿಸಿ ಎಂದ. ಆರೋಗ್ಯಕ್ಕೆ ಒಂದೇ ಸಾಕು ಸಾರ್ ಎಂದು ನಾನೇ ತಡೆದೆ. ಆರೋಗ್ಯದ ವಿಚಾರದಲ್ಲಿ ನಾವು ಅಷ್ಟು ಕಟ್ಟುನಿಟ್ಟು.

ಬೆಲ್ಲ, ಸಕ್ಕರೆ ನಾಯಿಗೆ ಕೂಡದು ಎಂದು ಡಾಕ್ಟರು ಹೇಳಿದ್ದರು. ಸಿಹಿಯಿಲ್ಲದೆ ಹುಗ್ಗಿ ಹೇಗೆ? ಬೆಲ್ಲದ ಬದಲು ಮಣೂಕ ಬಿತ್ತು. ಯಾರ ಕೈಯಿಂದ ಬಿತ್ತು ಎಂಬುದನ್ನು ಮುಂದೆ ಬರೆಯುತ್ತೇನೆ.

ಮರುದಿನ ಮೂರು ಮನೆಗಳಿಂದ ವಾಂತಿ ಎಂದು ಫೋನು ಬಂತು. ಆ ಮೂರೂ ಎರಡು ದಿನದಲ್ಲಿ ಸರಿಹೋದವು. ರಾಗಿ ಸರಿಹೋಗಲಿಲ್ಲ. ಮೂರನೇ ದಿನ ಉಚ್ಚೆ ನಿಂತಿತು. ಹೊಸೂರು ರಸ್ತೆಯ ಕ್ಲಿನಿಕ್ಕಿನಲ್ಲಿ ಡ್ರಿಪ್ ಹಾಕಿ ಮಲಗಿಸಿದರು. ಡಾಕ್ಟರು ಏನು ತಿಂದಿತ್ತು ಎಂದು ಒಂದೊಂದೇ ಕೇಳಿ, ಮಣೂಕ ಎಂದ ಕೂಡಲೇ ಪೆನ್ನು ಕೆಳಗಿಟ್ಟರು. ದ್ರಾಕ್ಷಿ ಹಸಿಯಿರಲಿ ಒಣಗಿರಲಿ, ನಾಯಿಯ ಕಿಡ್ನಿಗೆ ವಿಷವಂತೆ. ಐದನೇ ದಿನ ಮಧ್ಯಾಹ್ನ ರಾಗಿ ಹೋಯಿತು. ಮೇಡಂ ನೆಲದ ಮೇಲೆ ಕೂತು ಅದರ ಪಾದ ಹಿಡಿದುಕೊಂಡಿದ್ದರು. ಆ ಹೆಂಗಸು ಅತ್ತದ್ದು ಸುಳ್ಳಲ್ಲ. ಅವರ ಬಗ್ಗೆ ಮುಂದೆ ಏನೇ ಬರೆದರೂ ಇದನ್ನು ನೆನಪಿಡು.

ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿಗೆ ನಮ್ಮನ್ನು ಕರೆಸಿದರು. ಸರ್ವಿಸ್ ಲಿಫ್ಟಿನಲ್ಲಿ ನಾವಿಬ್ಬರೇ ಇದ್ದೆವು. ಅಲ್ಲಿ ನಾನು ಹೇಳಿದ್ದನ್ನು ಅಕ್ಷರ ತಪ್ಪದೆ ಬರೆಯುತ್ತೇನೆ: "ಸವಿತಾ, ಎರಡು ತಿಂಗಳು ತಡಕೋ. ಹೆಸರು ನಿನ್ನ ಮ್ಯಾಲ ಇರ್ಲಿ. ಹಳ್ಳಿ ಹೆಣಮಗಳು, ತಿಳೀಲಿಲ್ಲ ಅಂತ ಬಿಡ್ತಾರ. ನನ್ನ ಹೆಸರು ಹೋದ್ರ ಗಿರಾಕಿನ ಹೋಗ್ತಾವ, ಇಬ್ಬರೂ ಮುಳಗತೀವಿ. ನಿನ್ನ ಪಾಲು ನಿನ್ನ ಮನಿಗೆ ತಂದು ಕೊಡ್ತೀನಿ."

ನೀನು ಲಿಫ್ಟಿನ ಅಂಕಿ ಏರುವುದನ್ನು ನೋಡುತ್ತ, "ಎರಡಽ ತಿಂಗಳು?" ಎಂದೆ. ಎರಡೇ ಎಂದೆ ನಾನು.

ಒಳಗೆ ಶ್ಯಾಮಲಾ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಅದನ್ನ ಮಾಡಿದ್ದು ಯಾರು?"

"ಅಡುಗೆ ಕೈ ಸವಿತಾದು, ಮೇಡಂ. ನಾನು ಪಾತ್ರೆ ಮುಟ್ಟಲ್ಲ, ನಿಮಗೆ ಗೊತ್ತಲ್ಲ," ಎಂದೆ.

ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಎಲ್ಲರ ಮುಖ ಒಮ್ಮೆಲೇ ನಿನ್ನ ಕಡೆ ತಿರುಗಿತು. ನೀನು ನನ್ನ ಮುಖ ನೋಡಿದೆ, ಆಮೇಲೆ ನೆಲ ನೋಡಿದೆ. "ಹೌದ್ರಿ, ತಪ್ಪಾತು," ಎಂದೆ.

ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಸಂಜೆಯೊಳಗೆ ನಿನ್ನ ಫೋಟೋ ನಾಲ್ಕು ಅಪಾರ್ಟ್‌ಮೆಂಟುಗಳ ಗುಂಪಿನಲ್ಲಿ ತಿರುಗುತ್ತಿತ್ತು: ನಾಯಿಗೆ ವಿಷ ಹಾಕಿದವಳು, ಒಳಗೆ ಬಿಡಬೇಡಿ. ತಲೆ ಮೇಲೆ ಸೆರಗು, ಕೈಯಲ್ಲಿ ಪಾತ್ರೆ. ಹಬ್ಬಕ್ಕೆಂದು ನಾನು ಹೊಡೆದಿದ್ದ ಅದೇ ಫೋಟೋ. ನೀನು ಬೆಳಗಿನ ಹೊತ್ತು ರೊಟ್ಟಿ ಮಾಡುತ್ತಿದ್ದ ಮೂರು ಮನೆಗಳೂ ಅದೇ ವಾರ ಹೋದವು.

ಪಾಲು ಒಂದು ತಿಂಗಳು ತಂದುಕೊಟ್ಟೆ. ಎರಡನೇ ತಿಂಗಳು ಕೊಡಲಿಲ್ಲ. ಗಿರಾಕಿ ಉಳಿಯಲಿಲ್ಲ ಎಂದು ನಿನಗೆ ಹೇಳಿದೆ. ಅದು ನಿಜ, ಅರ್ಧ ನಿಜ. ಜುಲೈನಲ್ಲಿ ಮೇಡಂ ನನ್ನನ್ನು ಕರೆದು ಹೇಳಿದರು: "ರಾಗಿ ಹೆಸರಲ್ಲಿ ಏನಾದ್ರೂ ಮಾಡ್ಬೇಕು ಮಹಾನಂದಾ. ಇನ್ನೊಂದ್ ನಾಯಿಗೆ ಹೀಗಾಗ್ಬಾರ್ದು. ಸೇಫ್ ಆಗಿ, ಸೈಂಟಿಫಿಕ್ ಆಗಿ. ನೀವು ರೆಸಿಪಿ ಕೊಡಿ, ಸೂಪರ್‌ವೈಸರ್ ಆಗಿ ಬನ್ನಿ. ನಮ್ಮ ಬ್ರ್ಯಾಂಡ್‌ಗೆ ನಿಮ್ಮ ಮುಖಾನೇ ಬೇಕು." ಆ ರೆಸಿಪಿಗಳು ನಿನ್ನವು ಎಂದು ನಾನು ಹೇಳಲಿಲ್ಲ. ಮುದಿ ನಾಯಿಯದು, ದಪ್ಪ ನಾಯಿಯದು, ಹೊಟ್ಟೆ ಕೆಟ್ಟ ದಿನದ ಗಂಜಿಯದು, ಎಲ್ಲ ಬಾಯಿಪಾಠ ಒಪ್ಪಿಸಿ, ತಿಂಗಳಿಗೆ ಇಪ್ಪತ್ತೆರಡು ಸಾವಿರಕ್ಕೆ ಒಪ್ಪಿಕೊಂಡೆ. ಈಗ ಪ್ಯಾಕೆಟ್ಟಿನ ಮುಂದೆ ರಾಗಿಯ ಫೋಟೋ, ಹಿಂದೆ ನನ್ನದು. ಅಪಾರ್ಟ್‌ಮೆಂಟಿನ ಅಂಗಡಿ ಸಾಲಿನಲ್ಲೇ ಕಂಪನಿಯ ಅಡುಗೆಮನೆ. ಪ್ಯಾಕೆಟ್ಟಿನಲ್ಲಿ ನಾನು ನಗುತ್ತಿದ್ದೇನೆ, ಹಲ್ಲು ಬೆಳ್ಳಗೆ ಮಾಡಿದ್ದಾರೆ.

ಅಲ್ಲಿ ಹೊಸಬರು ಸೇರಿದಾಗ ಪಾಠ ಮಾಡುವುದು ನನ್ನ ಕೆಲಸ. ಪಾಠದ ಮೊದಲ ಮಾತು ನೀನು. ಹೆಸರು ಹೇಳುವುದಿಲ್ಲ, ನಮ್ಮ ಹಳೇ ಅಡುಗೆಯಾಕೆ ಎನ್ನುತ್ತೇನೆ. ತಿಳಿಯದೆ ಹುಗ್ಗಿಗೆ ಮಣೂಕ ಹಾಕಿದಳು, ಒಂದು ಜೀವ ಹೋಯಿತು, ಆದ್ದರಿಂದ ಗೋಡೆಯ ಮೇಲಿನ ಪಟ್ಟಿ ನೋಡದೆ ಯಾರೂ ಪಾತ್ರೆಗೆ ಕೈ ಹಾಕಬಾರದು. ಮೂರು ಸಲ ಹೇಳಿದ್ದೆ. ಮೂರನೇ ಸಲಕ್ಕೆ ಬಾಯಿಗೆ ರುಚಿಯೂ ಹತ್ತಿತ್ತು, ಎಲ್ಲಿ ನಿಲ್ಲಿಸಿ ಉಸಿರು ಬಿಡಬೇಕೆಂದು ಗೊತ್ತಾಗಿತ್ತು.

ಮೊನ್ನೆ ಸೋಮವಾರ ನಾಲ್ಕನೇ ಸಲ. ಹೊಸಬರಲ್ಲಿ ಶೇಖವ್ವ ಎಂಬಾಕೆ ಇದ್ದಳು, ಇಂಡಿ ತಾಲ್ಲೂಕಿನವಳು, ಐವತ್ತು ದಾಟಿದ ಹೆಂಗಸು. ಪ್ಲಾಸ್ಟಿಕ್ ಟೊಪ್ಪಿಗೆಯನ್ನು ಕುಂಕುಮದ ಮೇಲೆ ಎಳೆದುಕೊಂಡು ಕೂತು, ಎಲ್ಲ ಕೇಳಿ, ಬೆರಳು ಮಡಿಚುತ್ತ ಕೇಳಿದಳು:

"ಅಲ್ಲ ತಂಗಿ, ನೀ ಮಾಂಸ ಮುಟ್ಟಂಗಿಲ್ಲ, ಅದಕ್ಕ ಪಾತ್ರಿ ಆಕಿ ನೋಡಾಕಿ. ಖರೆ. ಆದ್ರ ಅವತ್ತಿಂದು ಹುಗ್ಗಿ ಅಂದಿ. ಹುಗ್ಗ್ಯಾಗ ಕೋಳಿ ಎಲ್ಲಿಂದ ಬಂತು? ಕೋಳಿ ಇಲ್ಲಂದ್ರ ನೀ ಯಾಕ ದೂರ ನಿಂತಿದ್ದಿ?"

ಐದು ತಿಂಗಳಲ್ಲಿ ಇಷ್ಟು ಓದಿದವರ ನಡುವೆ, ಕ್ಲಬ್‌ಹೌಸಿನಲ್ಲಿ, ಕ್ಲಿನಿಕ್ಕಿನಲ್ಲಿ, ಕಂಪನಿಯ ಮೀಟಿಂಗಿನಲ್ಲಿ ಯಾರೊಬ್ಬರೂ ಕೇಳದ ಪ್ರಶ್ನೆ. ಕೇಳಲು ಹುಗ್ಗಿ ಎಂದರೇನು ಎಂದು ಗೊತ್ತಿರಬೇಕಲ್ಲ. "ನಾ ಅವತ್ತು ಗಿರಾಕಿ ಕಡೆ ಹೋಗಿದ್ನಿ," ಎಂದೆ. "ಹೌದೇನು?" ಎಂದಳು ಶೇಖವ್ವ. ಕುಂಬಳಕಾಯಿಯ ಸಿಪ್ಪೆ ತೆಗೆಯಲು ಶುರು ಮಾಡಿದಳು. ಆ ಹೌದೇನು ಇನ್ನೂ ನನ್ನ ಕಿವಿಯಲ್ಲಿದೆ.

ಆದ್ದರಿಂದ ಮುಂದೆ ಬರೆಯುತ್ತೇನೆ ಎಂದಿದ್ದನ್ನು ಈಗ ಬರೆಯುತ್ತೇನೆ.

ಆ ಹುಗ್ಗಿ ಮಾಡಿದವಳು ನಾನು. ಮೂರು ವರ್ಷದಲ್ಲಿ ಆ ಅಡುಗೆಮನೆಯಲ್ಲಿ ಕೋಳಿ ಬೀಳದ ಒಂದೇ ಒಂದು ಪಾತ್ರೆ ಅದು. ಇವತ್ತಾದರೂ ನನ್ನ ಕೈಯಿಂದ ಮಾಡುತ್ತೇನೆ ಎಂದು ಹೊಸ ಪಾತ್ರೆ ತಂದು, ನಿನ್ನನ್ನು ಒಲೆಯಿಂದ ಆಚೆ ಸರಿಸಿ, ನಾನೇ ಸೌಟು ಹಿಡಿದೆ. ನಮ್ಮಪ್ಪನ ಎತ್ತುಗಳಿಗೆ ಅವ್ವ ಮಾಡುತ್ತಿದ್ದಂತೆ ಮಾಡಬೇಕೆಂಬ ಆಸೆಯೂ ಇತ್ತು. ಇತ್ತು ಎಂದು ಬರೆದರೆ ನೀನು ನಂಬುವುದಿಲ್ಲ, ದರ ಹಾಕಿದವಳು ನಾನೇ ಆದ್ದರಿಂದ. ಎರಡೂ ಇತ್ತು.

ಗೋಡೆಯ ಮೇಲೆ ಡಾಕ್ಟರು ಕೊಟ್ಟ ಚಿತ್ರದ ಹಾಳೆ ಇತ್ತು. ಚಾಕಲೇಟು, ಉಳ್ಳಾಗಡ್ಡಿ, ಬಳ್ಳೊಳ್ಳಿ, ಹಸಿರು ದ್ರಾಕ್ಷಿಯ ಗೊನೆ, ಎಲ್ಲದರ ಮೇಲೂ ಕೆಂಪು ಗೀಟು. ನಾನು ಮಣೂಕ ತೊಳೆಯುವಾಗ ನೀನು ಆ ಗೊನೆಯ ಮೇಲೆ ಬೆರಳಿಟ್ಟೆ. "ಅಕ್ಕಾ, ಇಲ್ಲಿ ದ್ರಾಕ್ಷಿ ಬ್ಯಾಡ ಅಂತ ಐತಲ್ಲ."

"ಹಸೀ ದ್ರಾಕ್ಷಿ ಥಂಡಿ, ಅದಕ್ಕ ಬ್ಯಾಡ ಅಂದಾರ. ಮಣೂಕ ಉಷ್ಣ. ಬಾಣಂತ್ಯಾರಿಗೆ ಕೊಡಂಗಿಲ್ಲೇನು? ದ್ರಾಕ್ಷಿ ಊರಾಗ ಹುಟ್ಟಿದಾಕಿಗೆ ದ್ರಾಕ್ಷಿ ಪಾಠ ಹೇಳ್ತಿ?" ಎಂದೆ.

"ಆದ್ರೂ ಡಾಕ್ಟರಿಗೆ ಒಂದು ಫೋನ್ ಹಚ್ಚು."

"ಫೋನ್ ಹಚ್ಚಿದ್ರ ಹುಗ್ಗಿನ ಬ್ಯಾಡ ಅಂತಾರ. ಮೂವತ್ತೆಂಟು ಮನಿ ರೊಕ್ಕ ಬಂದೈತಿ."

ಇದಿಷ್ಟೂ ನಡೆದದ್ದು. ತಣ್ಣಗಾದ ಮೇಲೆ ಬಟ್ಟಲುಗಳಿಗೆ ತುಂಬಿದ್ದೂ ನಾನೇ. ಎಲ್ಲಕ್ಕೂ ಅಳತೆಯ ಒಂದೊಂದು ಸೌಟು. ರಾಗಿಯ ಬಟ್ಟಲು ಬಂದಾಗ ಡಬ್ಬಿಯಲ್ಲಿ ಉಳಿದಿದ್ದ ಮಣೂಕವನ್ನು ಮುಷ್ಟಿ ತುಂಬ ತೆಗೆದು ಮೇಲೆ ಹಾಕಿದೆ. ಅದು ನಮ್ಮ ಮೊದಲ ಗಿರಾಕಿ. ಮನೆಯ ಬಾಗಿಲು ತೆರೆಯುವ ಮೊದಲೇ ನನ್ನ ಹೆಜ್ಜೆ ಗುರುತು ಹಿಡಿದು ಬಾಲ ಬಡಿಯುತ್ತಿತ್ತು. ಮೂವತ್ತೆಂಟು ಬಟ್ಟಲಿನಲ್ಲಿ ಲೆಕ್ಕ ಬಿಟ್ಟು ನಾನು ಕೊಟ್ಟದ್ದು ಅದೊಂದಕ್ಕೆ. ಸತ್ತದ್ದು ಅದೊಂದೇ.

ಈಗ ನೀನು ಕೇಳಿದ ಹಾಳೆಯ ವಿಚಾರ. ಇದನ್ನೆಲ್ಲ ಸಂಕ್ಷಿಪ್ತವಾಗಿ ಬೇರೆ ಹಾಳೆಯಲ್ಲಿ ಬರೆದು, ನನ್ನ ಪೂರ್ತಿ ಹೆಸರು, ಆಧಾರ್ ನಂಬರು, ಸಹಿ ಹಾಕಿದ್ದೇನೆ. ಹುಗ್ಗಿ ಮಾಡಿದ್ದು ನಾನು, ಸವಿತಾ ಬೇಡವೆಂದಳು, ರಾಗಿಯ ಬಟ್ಟಲಿಗೆ ಒಂದು ಮುಷ್ಟಿ ಮಣೂಕ ಹೆಚ್ಚು ಬಿತ್ತು, ಕ್ಲಬ್‌ಹೌಸಿನಲ್ಲಿ ನಾನು ಹೇಳಿದ್ದು ಸುಳ್ಳು. ನಾಳೆ ಬೆಳಿಗ್ಗೆ ಅದನ್ನು ನಾನೇ ಅಪಾರ್ಟ್‌ಮೆಂಟಿನ ಆಫೀಸಿಗೆ ಕೊಟ್ಟು, ನಿನಗೊಂದು ಪ್ರತಿಯನ್ನು ಈ ಕಾಗದದ ಜೊತೆ ಕಳಿಸುತ್ತೇನೆ. ಬರೆದು ಇಟ್ಟುಕೊಂಡರೆ ಹರಿದುಹಾಕಲು ನನಗೆ ಕಾರಣ ಸಿಗುತ್ತದೆ. ನನ್ನನ್ನು ನಾನು ಬಲ್ಲೆ.

ಕ್ಷಮಿಸು ಎಂದು ಕೇಳುವುದಿಲ್ಲ. ಶೇಖವ್ವ ಕೇಳಿದ ದಿನದಿಂದ ಅನ್ನ ಸೇರುತ್ತಿಲ್ಲ, ಮನಸ್ಸು ತಡೆಯದೆ ಬರೆದೆ, ಅಷ್ಟೇ. ಲಿವರು ತಿನ್ನು. ರಕ್ತ ಇನ್ನೊಮ್ಮೆ ನೋಡಿಸು.

ನಿನ್ನ ಪಕ್ಕದ ಕೋಣೆಯಲ್ಲಿದ್ದ
ಮಹಾನಂದಾ

ತಾ.ಕ.

ಸೋಮವಾರ ಸಂಜೆ. ಕಾಗದ ಅಂಟಿಸುವ ಮೊದಲು ಇಷ್ಟು ಸೇರಿಸುತ್ತಿದ್ದೇನೆ.

ಬೆಳಿಗ್ಗೆ ಆಫೀಸಿಗೆ ಹೋಗಿ ಹಾಳೆ ಕೊಟ್ಟೆ. ಮ್ಯಾನೇಜರ್ ವಸಂತ್ ಎರಡು ಸಲ ಓದಿದ. "ಅಕ್ಕ, ಇದು ಕಮಿಟಿಗೆ ಹೋಗ್ಬೇಕು. ಮೂವತ್ತನೇ ತಾರೀಖು ಮೀಟಿಂಗು, ಆಮೇಲೇ ಅವರ ಹೆಸರು ತೆಗೆಯೋದು," ಎಂದ. ನಿಂಗಪ್ಪನ ಗಡುವು ಹದಿನೈದಕ್ಕೆ. ಹಾಗಾದರೆ ಪ್ರತಿಯ ಮೇಲೆ ಸೀಲು ಹೊಡೆದು ಕೊಡು, ಅಲ್ಲಿಯವರೆಗೆ ಕದಲುವುದಿಲ್ಲ ಎಂದು ಕುರ್ಚಿಯಲ್ಲಿ ಕೂತೆ. ಹೊಡೆದುಕೊಟ್ಟ. ಅದು ಜೊತೆಯಲ್ಲಿದೆ. ನಿಂಗಪ್ಪನಿಗೆ ಅದನ್ನು ತೋರಿಸು, ಒಪ್ಪುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ.

ಹನ್ನೆರಡು ಗಂಟೆಗೆ ಶ್ಯಾಮಲಾ ಮೇಡಂ ಫೋನು ಮಾಡಿದರು. "ರಾಗಿಗೆ ಜಾಸ್ತಿ ಹಾಕಿದ್ದು ನೀವೇನಾ?" ಎಂದರು. ಹೌದು ಮೇಡಂ ಎಂದೆ. ಇಟ್ಟುಬಿಟ್ಟರು. ಊಟ ಮುಗಿಸಿ ಮೂರು ಗಂಟೆಗೆ ಕೆಲಸಕ್ಕೆ ಹೋದರೆ ಗೇಟಿನ ಹುಡುಗಿ ಮುಖ ಸಣ್ಣದು ಮಾಡಿಕೊಂಡು, "ಅಕ್ಕ, ನಿಮ್ದು ರೆಡ್ ತೋರಿಸ್ತಿದೆ," ಎಂದಳು.

ಇನ್ನೊಂದು. ಮನಸ್ಸು ತಡೆಯದೆ ಬರೆದೆ ಎಂದು ಮೇಲೆ ಹೇಳಿದ್ದೇನೆ. ಸಿದ್ದಕ್ಕ ನಿನ್ನ ಮಾತು ತಂದದ್ದು ಅಕ್ಟೋಬರ್ ಇಪ್ಪತ್ತನಾಲ್ಕಕ್ಕೆ. ಶೇಖವ್ವ ಕೇಳಿದ್ದು ಇಪ್ಪತ್ತೇಳಕ್ಕೆ. ನಾನು ಪೆನ್ನು ಹಿಡಿದದ್ದು ನಿನ್ನೆ, ಎರಡನೇ ತಾರೀಖು. ಸಂಬಳ ಬ್ಯಾಂಕಿಗೆ ಬೀಳುವುದು ಒಂದನೇ ತಾರೀಖು. ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯ ಲೆಕ್ಕ ಹೀಗಿದೆ. ಶ್ಯಾಮಲಾ ಮೇಡಂಗೆ ಒಂದು ಕಂಪನಿ. ಚಿಕ್ಕಮುನಿಯಮ್ಮನಿಗೆ ಕೊಟ್ಟಿಗೆ ವಾಪಸ್ಸು, ಹೊಸ ಬಾಡಿಗೆದಾರನಿಂದ ಎರಡು ಸಾವಿರ ಹೆಚ್ಚು. ಶೇಖವ್ವ ಸೇರಿ ಎಂಟು ಮಂದಿಗೆ ಕೆಲಸ. ಗೇಟಿನ ಪಟ್ಟಿಗೆ ಎರಡು ಹೆಸರು. ನನಗೆ ಅಕ್ಟೋಬರ್ ತಿಂಗಳ ಸಂಬಳ. ನಿನಗೆ ಸೀಲು ಹೊಡೆದ ಹಾಳೆ ಒಂದು, ಹನ್ನೆರಡು ದಿನ. ರಾಗಿಗೆ ಏನೂ ಇಲ್ಲ.